ಕೊಯ್ಯಲೆಂದೇ ಒಂದು ಹೂವಿನ ಮಡಿ

ಹೂಗಿಡ ಬೆಳೆಸುವ ಬಹಳ ಜನಕ್ಕೆ ಹೂವಿಗೆ ಕತ್ತರಿ ಹಾಕಲು ಕೈ ಬರುವುದಿಲ್ಲ. ಗಿಡದಲ್ಲೇ ಚೆನ್ನಾಗಿದೆ, ಇರಲಿ ಬಿಡಿ ಅನ್ನಿಸುತ್ತದೆ. ನನ್ನ ಕಥೆಯೂ ಅದೇ ಆಗಿತ್ತು. ಅಂಗಳದ ತುಂಬ ಹೂವು, ಮನೆಯೊಳಗಿನ ಹೂದಾನಿ ಮಾತ್ರ ಖಾಲಿ. ಕೊನೆಗೊಂದು ವರ್ಷ ಹಿತ್ತಲಲ್ಲಿ ತರಕಾರಿ ಮಡಿಯ ಪಕ್ಕ ಹೂವಿಗೆಂದೇ ಇನ್ನೊಂದು ಮಡಿ ಮಾಡಿದೆ. ಸೊಪ್ಪು ಕೊಯ್ಯುವ ಹಾಗೆ ಹೂ ಕೊಯ್ಯಲು. ಅಲ್ಲಿ ಅಂದ ಚೆಂದ ನೋಡುವವರು ಯಾರೂ ಇಲ್ಲ, ಹಾಗಾಗಿ ಕೊಯ್ಯುವಾಗ ಜೀವ ಹಿಂಡುವುದೂ ಇಲ್ಲ.

ಆ ಮಡಿಯಲ್ಲಿ ಕೆಲಸ ಮಾಡುತ್ತಾ ಒಂದು ವಿಷಯ ಗೊತ್ತಾಯಿತು. ಹೂದಾನಿಗೆ ಬೆಳೆಸುವವರ ಕಣ್ಣು ದಂಟಿನ ಮೇಲಿರಬೇಕು. ಹೂವು ಎಷ್ಟೇ ಚೆಂದ ಇರಲಿ, ದಂಟು ಗೇಣುದ್ದ ಇದ್ದರೆ ಹೂದಾನಿಯಲ್ಲಿ ನಿಲ್ಲದು. ದಂಟು ಮೆತ್ತಗಿದ್ದರೆ ಸಂಜೆಗೆ ಕತ್ತು ಬಗ್ಗುತ್ತದೆ. ದಂಟಿನೊಳಗೆ ನೀರು ಏರದಿದ್ದರೆ ಮಾರನೇ ದಿನ ಕಸಕ್ಕೆ. ಗಿಡ ಆರಿಸುವುದು, ಮಣ್ಣು ಹದ ಮಾಡುವುದು, ಕುಡಿ ಚಿವುಟುವುದು, ಕೊಯ್ಯುವುದು ಎಲ್ಲವೂ ದಂಟಿಗಾಗಿಯೇ.

ಗಿಡ ಆರಿಸುವುದು

ಬಹುವಾರ್ಷಿಕ ಅಂದರೆ ಒಮ್ಮೆ ನೆಟ್ಟರೆ ಹಲವು ವರ್ಷ ಬದುಕಿ, ಕಾಲಕ್ಕೆ ಸರಿಯಾಗಿ ಹೂ ಬಿಡುವ ಗಿಡ. ಕೆಲವು ವರ್ಷವಿಡೀ ಹಸಿರಾಗಿರುತ್ತವೆ. ಕೆಲವು ಮೇಲೆಲ್ಲ ಒಣಗಿದರೂ ಬುಡದಲ್ಲೋ ಗಡ್ಡೆಯಲ್ಲೋ ಜೀವ ಹಿಡಿದಿಟ್ಟುಕೊಂಡಿರುತ್ತವೆ. ವರ್ಷ ವರ್ಷ ಬೀಜ ಹಾಕಿ ಸಸಿ ಮಾಡುವ ರಗಳೆ ಇಲ್ಲ.

ಆದರೆ ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಇವು ಅವಸರದ ಗಿಡಗಳಲ್ಲ. ಕೈತುಂಬ ಕೊಯ್ಯುವಷ್ಟು ಹೂ ಸಾಮಾನ್ಯವಾಗಿ ಎರಡನೇ ವರ್ಷದಿಂದ. ಚಳಿನಾಡಿನ ಹೂಗಿಡ ಪಿಯೋನಿಯಂಥ ನಿಧಾನಿಗಳಿಗೆ ಮೂರು ವರ್ಷ ಬೇಕು. ಇನ್ನೊಂದು, ಹೆಚ್ಚಿನವು ವರ್ಷಕ್ಕೆ ಕೆಲವೇ ವಾರ ಹೂ ಬಿಟ್ಟು ಸುಮ್ಮನಾಗುತ್ತವೆ. ಇಷ್ಟವಾಯಿತೆಂದು ಒಂದೇ ಜಾತಿಯನ್ನು ಮಡಿ ತುಂಬ ನೆಟ್ಟರೆ ಒಂದು ತಿಂಗಳು ಹಂಚಲು ಜನ ಹುಡುಕಬೇಕು, ಉಳಿದ ಹನ್ನೊಂದು ತಿಂಗಳು ಬರೀ ಎಲೆ. ಒಂದು ಮುಗಿಯುವಾಗ ಇನ್ನೊಂದು ಶುರುವಾಗುವಂತೆ ಐದಾರು ಜಾತಿ ಆರಿಸಿ, ಒಂದೊಂದರಲ್ಲಿ ಮೂರರಿಂದ ಐದು ಗಿಡ ಹಾಕಿ. ಶುರುವಿಗೆ ಅಷ್ಟು ಸಾಕು.

ಸೇವಂತಿಗೆ ಬೇಕೇ ಬೇಕು. ಹೂದಾನಿಯಲ್ಲಿ ಎರಡು ವಾರ ನಿಲ್ಲುವ ಹೂವು ಬೇರೆ ಎಷ್ಟಿವೆ ಹೇಳಿ. ಚಳಿ ಕಡಿಮೆ ಇರುವ ಕಡೆ ಜರ್ಬೆರಾ ಹೆಚ್ಚುಕಮ್ಮಿ ವರ್ಷವಿಡೀ ಹೂ ಕೊಡುತ್ತದೆ. ಪರಿಮಳಕ್ಕೆ ಸುಗಂಧರಾಜ. ಬಿಳಿ ಹೂವಿಗೆ ಶಾಸ್ತಾ ಡೈಸಿ. ಇದು ಕಾಡಿನ ಹೂವಲ್ಲ. ಅಮೆರಿಕದ ಲೂಥರ್ ಬರ್ಬ್ಯಾಂಕ್ ವರ್ಷಗಟ್ಟಲೆ ತಳಿ ಬೆರೆಸಿ 1901ರಲ್ಲಿ ಹೊರತಂದದ್ದು. ಕ್ಯಾಲಿಫೋರ್ನಿಯಾದ ಹಿಮ ಹೊದ್ದ ಬೆಟ್ಟದ ಹೆಸರನ್ನೇ ಅದಕ್ಕೆ ಇಟ್ಟರು. ಹೂವಿನ ನಡುವೆ ಜಾಗ ತುಂಬಲು ಗೋಲ್ಡನ್‌ರಾಡ್, ಯಾರೋ (yarrow, ಛತ್ರಿಯಂತೆ ಹೂ ಬಿಡುವ ಗಿಡ), ಆಸ್ಟರ್, ಜಿಪ್ಸೋಫಿಲಾ, ಸ್ಟಾಟಿಸ್ ಇವುಗಳಲ್ಲಿ ಎರಡಾದರೂ ಇರಲಿ. ಇಂಥ ಸಣ್ಣ ಹೂಗಳನ್ನು ಯಾರೂ ಆಸೆಪಟ್ಟು ನೆಡುವುದಿಲ್ಲ. ಆದರೆ ಇವಿಲ್ಲದೆ ಕಟ್ಟಿದ ಗುಚ್ಛ ಸಾಲಾಗಿ ನಿಲ್ಲಿಸಿದ ಸೌಟುಗಳ ಹಾಗೆ ಕಾಣುತ್ತದೆ.

ಊರಿನ ಹವೆ ನೋಡಿಕೊಂಡು ಆರಿಸಿ. ಪಿಯೋನಿಗೆ ಗಟ್ಟಿ ಚಳಿಗಾಲ ಬೇಕು. ವಾರಗಟ್ಟಲೆ ಚಳಿ ತಾಗದಿದ್ದರೆ ಅದು ಎಲೆ ಬಿಡುತ್ತದೆ, ಮೊಗ್ಗು ಕಟ್ಟುವುದಿಲ್ಲ. ಜರ್ಬೆರಾದ ಗುಣ ತದ್ವಿರುದ್ಧ, ಮಂಜುಗಡ್ಡೆ ಕಟ್ಟುವ ಚಳಿಗೆ ಸತ್ತೇ ಹೋಗುತ್ತದೆ. ಡೇರೆ, ಗ್ಲಾಡಿಯೋಲಸ್‌ಗಳನ್ನೂ ನೆಲ ಹೆಪ್ಪುಗಟ್ಟುವ ಕಡೆ ಗಡ್ಡೆ ಅಗೆದು ಒಳಗಿಟ್ಟು ಮತ್ತೆ ನೆಡಬೇಕು. ಉಳಿದ ಕಡೆ ಮಣ್ಣಲ್ಲೇ ಬಿಡಬಹುದು.

ಕೆಲವನ್ನು ಎಷ್ಟೇ ಚೆಂದವಿದ್ದರೂ ಈ ಮಡಿಗೆ ತರಬೇಡಿ. ದಾಸವಾಳ, ಡೇಲಿಲಿಗಳ ಒಂದೊಂದು ಹೂವಿನ ಆಯಸ್ಸು ಒಂದೇ ದಿನ. ಅವು ಅಂಗಳಕ್ಕೆ ಸರಿ. ಸಸಿ ಕೊಳ್ಳುವಾಗ ಕುಂಡದಲ್ಲಿ ಗುಂಡಗೆ, ಗಿಡ್ಡಗೆ, ಹೂ ಮುಚ್ಚಿಕೊಂಡು ಕೂತಿರುವ ತಳಿ ನೋಡಿ ಮರುಳಾಗಬೇಡಿ. ಅದನ್ನು ಕುಂಡಕ್ಕೆಂದೇ ಕುಳ್ಳಗೆ ಮಾಡಿರುತ್ತಾರೆ. ದಂಟು ಕನಿಷ್ಠ 40 ಸೆಂಟಿಮೀಟರ್ ಬೆಳೆಯುವ ತಳಿ ಕೇಳಿ ತನ್ನಿ.

ಜಾಗ ಮತ್ತು ಮಣ್ಣು

ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳುವ ಜಾಗ ಬೇಕು. ನೆರಳಲ್ಲಿ ದಂಟು ಬೆಳಕು ಹುಡುಕುತ್ತಾ ಉದ್ದವಾಗುತ್ತದೆ, ಆದರೆ ನೂಲಿನ ಹಾಗೆ ಸಣಕಲಾಗುತ್ತದೆ. ಮಡಿಯ ಅಗಲ 1ರಿಂದ 1.2 ಮೀಟರ್ ಮೀರದಿರಲಿ. ಎರಡೂ ಬದಿಯಿಂದ ಕೈ ಚಾಚಿದರೆ ನಡುವಿನ ಹೂ ಸಿಗಬೇಕು. ಮಡಿಯೊಳಗೆ ಕಾಲಿಟ್ಟು ಮಣ್ಣು ತುಳಿದರೆ ಬೇರಿಗೆ ಉಸಿರು ಕಟ್ಟುತ್ತದೆ.

ನೆಡುವ ಮೊದಲು ನೀರು ಹೇಗೆ ಬಸಿಯುತ್ತದೆ ನೋಡಿ. 30 ಸೆಂಟಿಮೀಟರ್ ಆಳದ ಗುಂಡಿ ತೋಡಿ ನೀರು ತುಂಬಿ. ಅದು ಇಂಗಿದ ಮೇಲೆ ಇನ್ನೊಮ್ಮೆ ತುಂಬಿ. ನಾಲ್ಕೈದು ಗಂಟೆ ಆದರೂ ಎರಡನೇ ಸಲದ ನೀರು ನಿಂತೇ ಇದ್ದರೆ ಅಲ್ಲಿ ಬೇರು ಕೊಳೆಯುತ್ತದೆ. ಆಗ ಮಣ್ಣು ಏರಿಸಿ 20–25 ಸೆಂಟಿಮೀಟರ್ ಎತ್ತರದ ಮಡಿ ಮಾಡಿ. ಬಹುವಾರ್ಷಿಕಗಳು ಬಾಯಾರಿಕೆ ತಡೆದಾವು, ನಿಂತ ನೀರು ತಡೆಯವು.

ಈ ಮಣ್ಣನ್ನು ಮತ್ತೆ ನಾಲ್ಕು ವರ್ಷ ಅಗೆಯುವ ಹಾಗಿಲ್ಲ. ಹಾಗಾಗಿ ಈಗಲೇ ಒಂದು ಗುದ್ದಲಿ ಆಳಕ್ಕೆ ಸಡಿಲಿಸಿ, ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರವನ್ನೋ ಕಾಂಪೋಸ್ಟನ್ನೋ ಐದಾರು ಸೆಂಟಿಮೀಟರ್ ದಪ್ಪ ಹರಡಿ ಬೆರೆಸಿ. ಗರಿಕೆ, ತುಂಗೆಗಡ್ಡೆಯಂಥ ಕಳೆಗಳನ್ನು ಬೇರು ಸಮೇತ ಆರಿಸಿ ಹಾಕಿ. ಇದು ಬೇಜಾರಿನ ಕೆಲಸ, ಒಪ್ಪುತ್ತೇನೆ. ಆದರೆ ಇವತ್ತು ಬಿಟ್ಟ ಒಂದು ತುಂಡು ತುಂಗೆಗಡ್ಡೆ ಮುಂದಿನ ವರ್ಷ ಸೇವಂತಿಗೆ ಬುಡದೊಳಗಿಂದ ತಲೆ ಎತ್ತುತ್ತದೆ. ಆಗ ಗಿಡ ಕೀಳದೆ ಅದನ್ನು ಕೀಳಲು ಆಗುವುದಿಲ್ಲ.

ಗೊಬ್ಬರದ ವಿಷಯದಲ್ಲಿ ಕೈ ಬಿಗಿ ಇರಲಿ. ಯೂರಿಯಾದಂಥ ಸಾರಜನಕ ಜಾಸ್ತಿಯಾದರೆ ಗಿಡ ಕಪ್ಪು ಹಸಿರಾಗಿ ಸೊಕ್ಕಿ ಬೆಳೆಯುತ್ತದೆ, ದಂಟಿನಲ್ಲಿ ಮಾತ್ರ ಬಲ ಇರುವುದಿಲ್ಲ, ಹೇನು ಬೇರೆ ಮುತ್ತುತ್ತದೆ. ವರ್ಷಕ್ಕೊಮ್ಮೆ ಮೇಲಿನಿಂದ ಒಂದು ಪದರ ಕಾಂಪೋಸ್ಟ್ ಕೊಟ್ಟರೆ ಯಾರೋ, ಗೋಲ್ಡನ್‌ರಾಡ್ ತರಹದ ಗಿಡಗಳಿಗೆ ಬೇರೇನೂ ಬೇಡ. ಅವು ಬಡ ಮಣ್ಣಲ್ಲೇ ನೆಟ್ಟಗೆ ನಿಲ್ಲುತ್ತವೆ. ಜರ್ಬೆರಾ, ಗುಲಾಬಿ, ಸೇವಂತಿಗೆ ಮಾತ್ರ ಹೊಟ್ಟೆಬಾಕರು. ಅವಕ್ಕೆ ಹೂ ಬಿಡುವ ಕಾಲದಲ್ಲಿ ತಿಂಗಳಿಗೊಮ್ಮೆ ಸ್ವಲ್ಪ ಕೊಡಿ.

ನೆಡುವ ಆಳ

ಸಸಿ ಸಾಯುವುದು ಬಹಳ ಸಲ ಆಳದ ತಪ್ಪಿನಿಂದ. ಜರ್ಬೆರಾದ ಎಲೆಗಳೆಲ್ಲ ಒಂದು ಬಿಂದುವಿನಿಂದ ಹೊರಡುತ್ತವೆ, ನೋಡಿದ್ದೀರಿ ಅಲ್ವಾ? ಆ ಸುಳಿ ಮಣ್ಣಿನ ಮೇಲೇ ಇರಬೇಕು, ಒಂದಿಷ್ಟು ಎದ್ದೇ ಕಂಡರೂ ಪರವಾಗಿಲ್ಲ. ಮಣ್ಣು ಮುಚ್ಚಿದರೆ ಸುಳಿ ಕೊಳೆತು ಗಿಡ ಹೋಗುತ್ತದೆ. ಪಿಯೋನಿಯ ಕೆಂಪು ಮೊಳಕೆಗಣ್ಣುಗಳ ಮೇಲೆ ಮೂರರಿಂದ ಐದು ಸೆಂಟಿಮೀಟರ್ ಮಣ್ಣು ಸಾಕು. ಅದಕ್ಕಿಂತ ಆಳಕ್ಕೆ ಹೋದರೆ ವರ್ಷಗಟ್ಟಲೆ ಹೂವಿಲ್ಲದೆ ಬರೀ ಎಲೆ. ಸುಗಂಧರಾಜದ ಗಡ್ಡೆಯನ್ನು ಸುಮಾರು 5 ಸೆಂಟಿಮೀಟರ್ ಆಳಕ್ಕೆ, ಗ್ಲಾಡಿಯೋಲಸ್ ಗಡ್ಡೆಯನ್ನು 10–15 ಸೆಂಟಿಮೀಟರ್ ಆಳಕ್ಕೆ ಇಡಿ. ಗ್ಲಾಡಿಯೋಲಸ್ ಮೇಲೆಯೇ ಕೂತರೆ ಹೂ ಬಂದಾಗ ಭಾರಕ್ಕೆ ಮಗುಚುತ್ತದೆ. ಉಳಿದವು ಕುಂಡದಲ್ಲಿ ಎಷ್ಟು ಆಳದಲ್ಲಿದ್ದವೋ ಅಷ್ಟೇ.

ಗಿಡದಿಂದ ಗಿಡಕ್ಕೆ 30ರಿಂದ 45 ಸೆಂಟಿಮೀಟರ್ ಬಿಡಿ. ಶುರುವಿಗೆ ಮಡಿ ಬೋಳು ಬೋಳಾಗಿ ಕಾಣುತ್ತದೆ. ಆ ಖಾಲಿ ಜಾಗಕ್ಕೆ ಮೊದಲ ವರ್ಷ ಜಿನಿಯಾ, ಕಾಸ್ಮಾಸ್ ಬೀಜ ಚೆಲ್ಲಿ. ಅವು ಒಂದೇ ಹಂಗಾಮಿನ ಗಿಡಗಳು. ನಿಮ್ಮ ಹೂದಾನಿಯನ್ನೂ ತುಂಬಿಸುತ್ತವೆ, ಬಹುವಾರ್ಷಿಕಗಳು ಮೈ ತುಂಬಿಕೊಳ್ಳುವ ಹೊತ್ತಿಗೆ ತಾವೇ ಜಾಗ ಬಿಡುತ್ತವೆ. ನೆಟ್ಟ ಮೇಲೆ ಒಣ ಎಲೆಯನ್ನೋ ಹುಲ್ಲನ್ನೋ ಹೊದಿಕೆ ಹಾಸಿ, ಬುಡದ ಸುತ್ತ ನಾಲ್ಕು ಬೆರಳು ಜಾಗ ಬಿಟ್ಟು. ಎಲ್ಲಿ ಏನು ನೆಟ್ಟಿದ್ದೀರಿ ಎಂದು ಚೀಟಿ ಚುಚ್ಚಿಡಿ. ನೆನಪಿರುತ್ತದೆ ಅಂತ ಸುಮ್ನೆ ಬಿಟ್ಟು, ನಿದ್ದೆಯಲ್ಲಿದ್ದ ಗಡ್ಡೆಗಳ ಮೇಲೆ ಗುದ್ದಲಿ ಹಾಕಿದವರಲ್ಲಿ ನಾನೂ ಒಬ್ಬ.

ಮೊದಲ ವರ್ಷ: ಚಿವುಟಿ, ಕಾಯಿರಿ

ಹೊಸ ಗಿಡದ ಮೊದಲ ಮೊಗ್ಗುಗಳನ್ನು ಕಿತ್ತುಹಾಕಿ. ಆ ಶಕ್ತಿ ಬೇರಿಗೆ ಹೋಗಲಿ. ಆಮೇಲೆ ಬಂದ ಹೂಗಳಲ್ಲಿ ಒಂದೆರಡು ಕೊಯ್ದುಕೊಳ್ಳಿ, ಬಾಚಿ ಕೊಯ್ಯಬೇಡಿ.

ಸೇವಂತಿಗೆಗೆ ಕುಡಿ ಚಿವುಟುವ ಕೆಲಸ ಇದ್ದೇ ಇದೆ. ಗಿಡ ಒಂದು ಗೇಣು ಎತ್ತರ ಬಂದಾಗ ತುದಿಯ ಎರಡು ಎಲೆ ಸಮೇತ ಕುಡಿಯನ್ನು ಉಗುರಲ್ಲಿ ಚಿವುಟಿ. ಒಂದು ದಂಟಿದ್ದ ಕಡೆ ಮೂರು ನಾಲ್ಕು ಕವಲು ಬರುತ್ತವೆ. ಅವು ಅಷ್ಟೇ ಉದ್ದವಾದಾಗ ಇನ್ನೊಮ್ಮೆ ಚಿವುಟಿ. ಹೂ ಬಿಡುವ ಕಾಲಕ್ಕೆ ಮೂರು ತಿಂಗಳಿರುವಾಗ ನಿಲ್ಲಿಸಿಬಿಡಿ. ಒಂದೇ ದೊಡ್ಡ ಹೂ ಬೇಕಿದ್ದರೆ ತುದಿಮೊಗ್ಗು ಉಳಿಸಿ, ಎಲೆಸಂದಿಯ ಮೊಗ್ಗುಗಳನ್ನು ಕಡಲೆಕಾಳಿನಷ್ಟಿರುವಾಗಲೇ ತೆಗೆಯಿರಿ.

ಸೇವಂತಿಗೆಯ ಇನ್ನೊಂದು ಗುಟ್ಟು ನನಗೆ ಗೊತ್ತಾಗಿದ್ದು ಒಂದು ದೀಪದಿಂದ. ಮಡಿಯ ಒಂದು ತುದಿಯ ಗಿಡಗಳು ಹೂ ಬಿಟ್ಟು ಮುಗಿಸಿದರೂ ಇನ್ನೊಂದು ತುದಿಯವು ಮೊಗ್ಗೇ ಕಟ್ಟಿರಲಿಲ್ಲ. ಅದೇ ಮಣ್ಣು, ಅದೇ ನೀರು, ಒಂದೇ ತಾಯಿಗಿಡದ ಮರಿಗಳು. ಒಂದು ರಾತ್ರಿ ಹಿತ್ತಲಿಗೆ ಹೋದಾಗ ಹೊಳೆಯಿತು. ಹಿಂಬಾಗಿಲ ದೀಪ ರಾತ್ರಿಯಿಡೀ ಉರಿಯುತ್ತಿತ್ತು, ಬೆಳಕು ಸರಿಯಾಗಿ ಆ ತುದಿಯ ಮೇಲೇ ಬೀಳುತ್ತಿತ್ತು. ಸೇವಂತಿಗೆ ಮೊಗ್ಗು ಕಟ್ಟುವುದು ರಾತ್ರಿ ಉದ್ದವಾದಾಗ. ಕತ್ತಲಿಗೆ ಬೆಳಕು ಅಡ್ಡ ಬಂದರೆ ಇನ್ನೂ ಕಾಲ ಬಂದಿಲ್ಲ ಅಂದುಕೊಂಡು ಎಲೆ ಬಿಡುತ್ತಲೇ ಇರುತ್ತದೆ. ಹಗಲು ರಾತ್ರಿಯ ಉದ್ದ ನೋಡಿ ಗಿಡ ಹೂ ಬಿಡುತ್ತದೆ ಎಂಬುದನ್ನು 1920ರಲ್ಲಿ ಗಾರ್ನರ್ ಮತ್ತು ಅಲಾರ್ಡ್ ಎಂಬ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟಿದ್ದರು. ಹೂ ಬೆಳೆಗಾರರು ಇದನ್ನೇ ಹಿಡಿದು ಕಪ್ಪು ಬಟ್ಟೆ ಮುಚ್ಚಿ ಹೂವನ್ನು ಬೇಗ ತರಿಸುತ್ತಾರೆ, ರಾತ್ರಿ ದೀಪ ಹಚ್ಚಿ ತಡ ಮಾಡಿಸುತ್ತಾರೆ. ನಾನು ಮಾಡಿದ್ದು ಇಷ್ಟೇ, ದೀಪ ಆರಿಸಿದೆ.

ಉದ್ದ ದಂಟಿಗೆ ಆಸರೆ ಬೇಕು. ಗಿಡ ಬಗ್ಗಿದ ಮೇಲೆ ಕೋಲು ಕಟ್ಟಿದರೆ ಏನೂ ಪ್ರಯೋಜನವಿಲ್ಲ. ಅಷ್ಟರಲ್ಲಿ ತುದಿ ಸೂರ್ಯನ ಕಡೆ ತಿರುಗಿ ದಂಟು ಗೂನಾಗಿರುತ್ತದೆ. ಗಿಡ ಮೊಣಕಾಲಿಗಿಂತ ಕೆಳಗಿರುವಾಗಲೇ ಮಡಿಯ ನಾಲ್ಕು ಮೂಲೆಗೆ ಗೂಟ ಹೊಡೆದು, 15 ಸೆಂಟಿಮೀಟರ್ ಚೌಕದ ಬಲೆಯನ್ನು ನೆಲದಿಂದ 30 ಸೆಂಟಿಮೀಟರ್ ಮೇಲೆ ಅಡ್ಡಲಾಗಿ ಬಿಗಿಯಿರಿ. ದಂಟುಗಳು ಅದರ ಕಣ್ಣುಗಳ ಮೂಲಕ ತಾವೇ ಏರುತ್ತವೆ. ಬಲೆ ಇಲ್ಲದಿದ್ದರೆ ಗೂಟಗಳ ನಡುವೆ ಹುರಿಯನ್ನು ಹಿಂದೆ ಮುಂದೆ ಎಳೆದು ಚೌಕ ಮಾಡಿದರೂ ಆಯಿತು.

ನೀರನ್ನು ಬುಡಕ್ಕೆ ಬಿಡಿ, ತಲೆ ಮೇಲೆ ಸುರಿಯಬೇಡಿ. ಒದ್ದೆ ಎಲೆಯಲ್ಲಿ ತುಕ್ಕು ರೋಗ ಬೇಗ ಹಬ್ಬುತ್ತದೆ, ಒದ್ದೆ ಹೂವಿನ ಎಸಳಲ್ಲಿ ಕಂದು ಚುಕ್ಕೆ ಬೀಳುತ್ತದೆ. ಹೇನು ಕಂಡರೆ ಪೈಪಿನ ರಭಸದ ನೀರಲ್ಲಿ ತೊಳೆದುಬಿಡಿ. ಫ್ಲಾಕ್ಸ್, ಆಸ್ಟರ್‌ಗಳಿಗೆ ಬೂದಿ ರೋಗ ಬಂದರೆ ಗಿಡ ತೀರಾ ಒತ್ತಾಗಿದೆ ಎಂದು ತಿಳಿಯಿರಿ. ನಡುವಿನ ಕೆಲವು ದಂಟು ತೆಗೆದು ಗಾಳಿ ಆಡಲು ಬಿಡಿ.

ಕೊಯ್ಯುವ ಹದ

ಹೂದಾನಿಯಲ್ಲಿ ಹೂ ಎಷ್ಟು ದಿನ ನಿಲ್ಲುತ್ತದೆ ಅನ್ನುವುದು ಅರ್ಧದಷ್ಟು ತೀರ್ಮಾನವಾಗುವುದು ಇಲ್ಲೇ.

ಬೆಳಿಗ್ಗೆ, ಇಬ್ಬನಿ ಆರಿದ ಮೇಲೆ ಬಿಸಿಲು ಏರುವ ಮೊದಲು ಕೊಯ್ಯಿರಿ. ರಾತ್ರಿಯೆಲ್ಲ ನೀರು ಕುಡಿದು ದಂಟು ಬಿಗಿಯಾಗಿರುತ್ತದೆ. ಅದು ಆಗದಿದ್ದರೆ ಹೊತ್ತು ಮುಳುಗುವಾಗ. ನಡುಮಧ್ಯಾಹ್ನ ಖಂಡಿತ ಬೇಡ. ಕತ್ತರಿ ಹರಿತ ಇರಲಿ. ಮೊಂಡು ಕತ್ತರಿ ದಂಟನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಬಕೆಟ್‌ನಲ್ಲಿ ನೀರು ತುಂಬಿಕೊಂಡೇ ಮಡಿಗೆ ಹೋಗಿ, ಕೊಯ್ದ ಹೂವನ್ನು ಆಗಿಂದಾಗಲೇ ಅದರಲ್ಲಿಳಿಸಿ. ಬಕೆಟ್ ಎಷ್ಟು ಚೊಕ್ಕಟ ಇರಬೇಕೆಂದರೆ, ಅದರಲ್ಲಿ ನೀವು ನೀರು ಕುಡಿಯಲು ಹಿಂಜರಿಯಬಾರದು.

ಇನ್ನು ಯಾವ ಹೂ ಎಷ್ಟು ಅರಳಿರಬೇಕು? ಇದಕ್ಕೆ ಒಂದೇ ಸೂತ್ರ ಇಲ್ಲ, ಒಂದೊಂದರದು ಒಂದೊಂದು ಜಾಯಮಾನ. ಕಡ್ಡಿಯುದ್ದಕ್ಕೂ ಮೊಗ್ಗಿರುವ ಹೂಗಳನ್ನು ಬೇಗ ಕೊಯ್ಯಬೇಕು. ಸುಗಂಧರಾಜದಲ್ಲಿ ಕೆಳಗಿನ ಎರಡು ಮೂರು ಹೂ ಬಿರಿದಾಗ, ಗ್ಲಾಡಿಯೋಲಸ್‌ನಲ್ಲಿ ಕೆಳಗಿನ ಒಂದೆರಡು ಮೊಗ್ಗು ಬಣ್ಣ ತೋರಿಸಿದಾಗ. ಉಳಿದವು ಹೂದಾನಿಯಲ್ಲಿ ಒಂದೊಂದಾಗಿ ಅರಳುತ್ತಾ ಮೇಲೇರುತ್ತವೆ. ಲಿಲ್ಲಿಯಲ್ಲಿ ಕೆಳಗಿನ ಒಂದು ಮೊಗ್ಗು ಉಬ್ಬಿ ಬಣ್ಣ ತಿರುಗಿದರೆ ಸಾಕು. ಗುಲಾಬಿಯಲ್ಲಿ ಮೊಗ್ಗಿನ ಹಸಿರು ಹೊದಿಕೆ ಕೆಳಗೆ ಮಡಚಿ, ಹೊರಗಿನ ಎಸಳು ಒಂದೆರಡು ಸಡಿಲವಾದಾಗ. ಪಿಯೋನಿ ಮೊಗ್ಗನ್ನು ಕಣ್ಣಿಂದ ನೋಡಿದರೆ ಗೊತ್ತಾಗುವುದಿಲ್ಲ, ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ. ಗೋಲಿಯಂತೆ ಗಟ್ಟಿ ಇದ್ದರೆ ಬಿಡಿ, ಹತ್ತಿಯ ಉಂಡೆಯಂತೆ ಅದುಮಿಕೊಂಡರೆ ಕೊಯ್ಯಿರಿ. ಅದರ ಮೇಲೆ ಇರುವೆ ಓಡಾಡುತ್ತವೆ. ಮೊಗ್ಗಿನ ಸಿಹಿ ರಸಕ್ಕೆ ಬಂದವು, ಏನೂ ಕೇಡು ಮಾಡುವುದಿಲ್ಲ, ಕೊಡವಿಬಿಡಿ.

ದುಂಡು ಮುಖದ ಹೂಗಳದು ಬೇರೆ ಲೆಕ್ಕ. ಸೇವಂತಿಗೆ, ಶಾಸ್ತಾ ಡೈಸಿ, ಎಕಿನೇಸಿಯಾ, ಡೇರೆ ಇವನ್ನು ಮೊಗ್ಗಲ್ಲಿ ಕೊಯ್ದರೆ ಮೊಗ್ಗಾಗಿಯೇ ಬಾಡುತ್ತವೆ. ಪೂರ್ತಿ ಅರಳಬೇಕು, ಆದರೆ ನಡುವಿನ ಬೊಟ್ಟು ಇನ್ನೂ ಬಿಗಿಯಾಗಿರಬೇಕು. ಜರ್ಬೆರಾದಲ್ಲಿ ಆ ಬೊಟ್ಟಿನ ಹೊರಸಾಲು ಎರಡರಲ್ಲಿ ಪರಾಗದ ಹಳದಿ ಪುಡಿ ಕಂಡಾಗ ಹದ.

ಯಾರೋ ಹೂವು ನನ್ನನ್ನು ಸತಾಯಿಸಿದಷ್ಟು ಇನ್ಯಾವ ಹೂವೂ ಸತಾಯಿಸಿಲ್ಲ. ಬಣ್ಣ ಬಂತೆಂದು ಒಂದು ಹಿಡಿ ಕೊಯ್ದು ತಂದಿದ್ದೆ. ಎರಡು ಗಂಟೆ ಕಳೆಯುವುದರೊಳಗೆ ಎಲ್ಲ ಛತ್ರಿಗಳೂ ತಲೆ ಬಾಗಿಸಿ ಹೂದಾನಿಯ ಅಂಚಿಗೆ ಒರಗಿದ್ದವು. ಈಗ ಕೊಯ್ಯುವ ಮೊದಲು ಹೂವಿನಿಂದ ಒಂದು ಗೇಣು ಕೆಳಗೆ ದಂಟು ಹಿಡಿದು ಅಲುಗಾಡಿಸುತ್ತೇನೆ. ಹೂವಿನ ತಲೆ ಲೊಟಲೊಟ ಆಡಿದರೆ ಇನ್ನೂ ಎಳಸು. ದಂಟು ತಲೆ ಎಲ್ಲ ಒಂದೇ ಕಡ್ಡಿಯ ಹಾಗೆ ಅಲುಗಿದರೆ ಬಲಿತಿದೆ. ಜಿನಿಯಾಕ್ಕೂ ಇದೇ ಪರೀಕ್ಷೆ.

ಎಲ್ಲವಕ್ಕೂ ಕತ್ತರಿ ಬೇಕಿಲ್ಲ. ಜರ್ಬೆರಾದ ದಂಟನ್ನು ಬುಡದ ಹತ್ತಿರ ಹಿಡಿದು ಪಕ್ಕಕ್ಕೆ ವಾಲಿಸಿ ಮೆಲ್ಲಗೆ ತಿರುಚಿ ಎಳೆಯಿರಿ. ಟಕ್ ಎಂದು ಬಿಟ್ಟುಕೊಳ್ಳುತ್ತದೆ. ಕತ್ತರಿಸಿದರೆ ಉಳಿದ ಮೋಟು ಕೊಳೆತು ಸುಳಿಗೆ ರೋಗ ತರುತ್ತದೆ. ಕಿತ್ತ ಮೇಲೆ ತುದಿಯ ಗಟ್ಟಿ ಭಾಗವನ್ನು ಎರಡು ಮೂರು ಸೆಂಟಿಮೀಟರ್ ಕತ್ತರಿಸಿ ನೀರಿಗಿಡಿ. ಆ ಭಾಗ ನೀರು ಎಳೆಯುವುದಿಲ್ಲ.

ಗಡ್ಡೆ ಹೂಗಳಲ್ಲಿ ಆಸೆಗೆ ಬಿದ್ದು ಬುಡದವರೆಗೆ ಕತ್ತರಿಸಬೇಡಿ. ನನ್ನ ಗ್ಲಾಡಿಯೋಲಸ್ ಒಂದು ವರ್ಷ ಮೊಣಕಾಲೆತ್ತರದ ಹೂದಾನಿ ತುಂಬಿಸಿತು. ಮರುವರ್ಷ ಅದೇ ಸಾಲಲ್ಲಿ ಹುಲ್ಲಿನಂಥ ಎಲೆ ಬಿಟ್ಟರೆ ಏನೂ ಇಲ್ಲ. ಮುಂದಿನ ವರ್ಷದ ಗಡ್ಡೆಗೆ ಆಹಾರ ತಯಾರಾಗುವುದು ಈ ವರ್ಷದ ಎಲೆಯಲ್ಲಿ. ನಾನು ಎಲೆಗಳನ್ನೆಲ್ಲ ದಂಟಿನ ಜೊತೆ ಕೊಯ್ದುಬಿಟ್ಟಿದ್ದೆ. ಕನಿಷ್ಠ ನಾಲ್ಕು ಎಲೆ ಗಿಡದಲ್ಲೇ ಇರಲಿ. ಲಿಲ್ಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ದಂಟು ಮುಟ್ಟಬೇಡಿ.

ಬಕೆಟ್‌ನಿಂದ ಹೂದಾನಿಗೆ

ಕೊಯ್ದು ತಂದ ಹೂವನ್ನು ನೇರ ಹೂದಾನಿಗೆ ಹಾಕುವ ಆತುರ ಬೇಡ. ನೀರೊಳಗೆ ಮುಳುಗುವ ಎಲೆಗಳನ್ನೆಲ್ಲ ಸವರಿ, ದಂಟಿನ ತುದಿಯನ್ನು ಎರಡು ಸೆಂಟಿಮೀಟರ್ ಓರೆಯಾಗಿ ಮತ್ತೆ ಕತ್ತರಿಸಿ. ಓರೆ ಯಾಕೆಂದರೆ ನೇರ ಕತ್ತರಿಸಿದ ತುದಿ ಹೂದಾನಿಯ ತಳಕ್ಕೆ ಒತ್ತಿ ಕೂತು ಬಾಯಿ ಮುಚ್ಚಿಕೊಳ್ಳುತ್ತದೆ. ಕೈಗೆ ಉಗುರುಬೆಚ್ಚಗೆ ಅನ್ನಿಸುವ ನೀರಲ್ಲಿ ಕತ್ತಿನವರೆಗೆ ಇಳಿಸಿ, ತಂಪಾದ ಕತ್ತಲೆ ಮೂಲೆಯಲ್ಲಿ ನಾಲ್ಕು ಗಂಟೆ ಅಥವಾ ಒಂದು ರಾತ್ರಿ ಬಿಡಿ. ಜರ್ಬೆರಾ ಮಾತ್ರ ಇದಕ್ಕೆ ಹೊರತು. ಅದರ ರೋಮದ ದಂಟು ಆಳ ನೀರಲ್ಲಿ ಕೊಳೆಯುತ್ತದೆ. ಅದಕ್ಕೆ ನಾಲ್ಕೈದು ಬೆರಳು ನೀರು ಸಾಕು. ಗ್ಲಾಡಿಯೋಲಸನ್ನು ಬಕೆಟ್‌ನಲ್ಲಿ ವಾಲಿಸಿ ಇಟ್ಟರೆ ರಾತ್ರೋರಾತ್ರಿ ತುದಿ ಮೇಲಕ್ಕೆ ಬಾಗಿ ಕೊಕ್ಕೆಯಾಗುತ್ತದೆ, ನೆಟ್ಟಗೇ ನಿಲ್ಲಿಸಿ. ಹೈಡ್ರೇಂಜಿಯಾ ಬಾಡಿದರೆ ಹೂವನ್ನೇ ತಲೆಕೆಳಗಾಗಿ ಅರ್ಧ ಗಂಟೆ ನೀರಲ್ಲಿ ಮುಳುಗಿಸಿ, ಬಹಳ ಸಲ ಮತ್ತೆ ಏಳುತ್ತದೆ.

ಕೊಯ್ದ ಹೂ ಸಾಯುವುದು ಹೆಚ್ಚಾಗಿ ನೀರಡಿಕೆಯಿಂದ, ಅದೂ ನೀರೊಳಗೆ ನಿಂತುಕೊಂಡೇ. ದಂಟಿನ ತುದಿಗೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ನೀರಲ್ಲಿ ಬೆಳೆದ ಬ್ಯಾಕ್ಟೀರಿಯಾ ಲೋಳೆಯಾಗಿ ಆ ಸಣ್ಣ ಕೊಳವೆಗಳನ್ನು ಮುಚ್ಚುತ್ತದೆ. ಅದಕ್ಕೇ ಮತ್ತೆ ಮತ್ತೆ ತುದಿ ಕತ್ತರಿಸುವುದು. ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ಹೂದಾನಿ ತೊಳೆದು, ತುದಿ ಒಂದು ಸೆಂಟಿಮೀಟರ್ ಸವರಿ. ಬೇರೇನೂ ಮಾಡದೆ ಇಷ್ಟು ಮಾಡಿದರೂ ಹೂವಿನ ಆಯಸ್ಸು ಹೆಚ್ಚುತ್ತದೆ. ಶಾಸ್ತಾ ಡೈಸಿ ಇರುವ ಹೂದಾನಿಗೆ ದಿನವೂ ನೀರು ಬದಲಿಸುವುದು ಒಳ್ಳೆಯದು, ಯಾಕೆಂದು ಎರಡನೇ ದಿನ ಮೂಗಿಗೇ ತಿಳಿಯುತ್ತದೆ.

ನೀರಿಗೆ ಬೆರೆಸುವ ಹೂವಿನ ಆಹಾರವನ್ನು ಮನೆಯಲ್ಲೇ ಮಾಡಬಹುದು. ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಸಕ್ಕರೆ, ಎರಡು ಟೀ ಚಮಚ ನಿಂಬೆರಸ, ಕಾಲು ಟೀ ಚಮಚ ಬಟ್ಟೆಗೆ ಬಳಸುವ ಕ್ಲೋರಿನ್ ಬ್ಲೀಚ್. ಸಕ್ಕರೆ ಮೊಗ್ಗು ಅರಳಲು, ನಿಂಬೆಯ ಹುಳಿ ದಂಟಿನಲ್ಲಿ ನೀರು ಸಲೀಸಾಗಿ ಏರಲು, ಬ್ಲೀಚ್ ಬ್ಯಾಕ್ಟೀರಿಯಾ ತಡೆಯಲು. ಬರೀ ಸಕ್ಕರೆ ಹಾಕಬೇಡಿ, ಅದು ಹೂವಿಗಿಂತ ಮೊದಲು ಬ್ಯಾಕ್ಟೀರಿಯಾಕ್ಕೆ ಔತಣ. ನಿಂಬೆರಸ ಮತ್ತು ಬ್ಲೀಚನ್ನು ಒಂದಕ್ಕೊಂದು ನೇರ ಬೆರೆಸಲೇಬೇಡಿ, ವಿಷದ ಗಾಳಿ ಬರುತ್ತದೆ. ನಿಂಬೆರಸವನ್ನು ಪೂರ್ತಿ ನೀರಲ್ಲಿ ಕದಡಿ, ಬ್ಲೀಚನ್ನು ಕೊನೆಯಲ್ಲಿ ಹಾಕಿ. ತಾಮ್ರದ ನಾಣ್ಯ, ಆಸ್ಪಿರಿನ್ ಮಾತ್ರೆ ಇವೆಲ್ಲ ಕೈ ಹಿಡಿದದ್ದನ್ನು ನಾನಂತೂ ನೋಡಿಲ್ಲ. ಗಟ್ಟಿ ದಂಟಿನ ತುದಿಯನ್ನು ಸುತ್ತಿಗೆಯಿಂದ ಜಜ್ಜಿ ಅನ್ನುವ ಸಲಹೆಯನ್ನಂತೂ ಮರೆತುಬಿಡಿ. ನೀರು ಏರುವ ಕೊಳವೆಗಳನ್ನೇ ಜಜ್ಜಿದರೆ ನೀರು ಎಲ್ಲಿಂದ ಏರಬೇಕು?

ಹೂದಾನಿಯನ್ನು ಹಣ್ಣಿನ ಬುಟ್ಟಿಯ ಪಕ್ಕ ಇಡಬೇಡಿ. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಕಾರ್ನೇಷನ್‌ನಂಥ ಹೂಗಳು ಮುದುಡಿಕೊಳ್ಳುತ್ತವೆ. ಬಿಸಿಲು ಬೀಳುವ ಕಿಟಕಿ, ತಲೆ ಮೇಲೆ ತಿರುಗುವ ಫ್ಯಾನ್ ಎರಡೂ ಬೇಡ. ಮನೆಯಲ್ಲಿ ಬೆಕ್ಕಿದ್ದರೆ ಲಿಲ್ಲಿಯನ್ನು ಒಳಗೇ ತರಬೇಡಿ. ಅದರ ಎಲೆ, ಪರಾಗ, ಹೂದಾನಿಯ ನೀರು ಕೂಡ ಬೆಕ್ಕಿನ ಮೂತ್ರಪಿಂಡ ಕೆಡಿಸಿ ಜೀವ ತೆಗೆಯಬಹುದು.

ಕೈಯಲ್ಲೇ ಗುಚ್ಛ ಕಟ್ಟುವುದು

ಮೊದಲು ಎಲ್ಲ ದಂಟುಗಳನ್ನೂ ಮೇಜಿನ ಮೇಲೆ ಜಾತಿವಾರು ಹರಡಿಕೊಳ್ಳಿ. ಹೂವಿಗಿಂತ ಮೊದಲು ಎಲೆ. ಜರೀಗಿಡ, ಆಸ್ಪರಾಗಸ್, ಮಡಿಯಲ್ಲಿ ಸಿಕ್ಕ ಯಾವುದೇ ಗಟ್ಟಿ ಎಲೆಯ ಎರಡು ಕಡ್ಡಿ ಎಡಗೈಯ ಹೆಬ್ಬೆರಳು ತೋರುಬೆರಳ ನಡುವೆ ಸಡಿಲವಾಗಿ ಹಿಡಿಯಿರಿ. ಮುಂದಿನ ದಂಟನ್ನು ಅದರ ಮೇಲೆ ಓರೆಯಾಗಿ ಇಡಿ, ತಲೆ ಎಡಕ್ಕೆ, ಬುಡ ಬಲಕ್ಕೆ. ಅದರ ಮೇಲೆ ಇನ್ನೊಂದು, ಅದೇ ಓರೆಯಲ್ಲಿ. ಎರಡು ಮೂರು ಇಟ್ಟಾಗಲೆಲ್ಲ ಇಡೀ ಹಿಡಿಯನ್ನು ಒಂದೇ ದಿಕ್ಕಿಗೆ ಸ್ವಲ್ಪ ತಿರುಗಿಸಿ. ಒಂದು ದಂಟು ಎದುರು ದಿಕ್ಕಿಗೆ ಹೋದರೂ ಅಲ್ಲಿಂದ ಮುಂದೆ ಎಲ್ಲ ಸಿಕ್ಕಾಗುತ್ತದೆ. ಸರಿಯಾಗಿ ಬಂದರೆ ದಂಟುಗಳು ಕೆಳಗೆ ಚಕ್ಕುಲಿ ಸುತ್ತಿದ ಹಾಗೆ ಸುರುಳಿಯಾಗಿ ಹರಡಿ, ಗುಚ್ಛ ಮೇಜಿನ ಮೇಲೆ ತನ್ನಷ್ಟಕ್ಕೇ ನಿಲ್ಲುತ್ತದೆ. ಮೊದಲ ನಾಲ್ಕೈದು ಸಲ ನಿಲ್ಲುವುದಿಲ್ಲ. ನಿಲ್ಲದಿದ್ದರೂ ಹೂದಾನಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಬಿಡಿ.

ದೊಡ್ಡ ಹೂಗಳನ್ನು ಎರಡು ನಾಲ್ಕು ಅಂತ ಜೋಡಿ ಹಾಕದೆ ಮೂರೋ ಐದೋ ಇಡಿ, ಎಲ್ಲ ಒಂದೇ ಎತ್ತರದಲ್ಲಿ ಬೇಡ. ಹೂವಿನ ಒಟ್ಟು ಎತ್ತರ ಹೂದಾನಿಯ ಒಂದೂವರೆ ಪಟ್ಟಿನ ಆಸುಪಾಸಿನಲ್ಲಿದ್ದರೆ ಕಣ್ಣಿಗೆ ಹಿತ. ಹಿಡಿದ ಜಾಗಕ್ಕೇ ದಾರ ಸುತ್ತಿ, ಕೆಳಗೆ ಸಮನಾಗಿ ಕತ್ತರಿಸಿ, ನೀರಿಗಿಡಿ. ಯಾರೋ, ಸ್ಟಾಟಿಸ್, ಜಿಪ್ಸೋಫಿಲಾ ಮಿಕ್ಕಿದರೆ ಕಟ್ಟು ಕಟ್ಟಿ ಗಾಳಿಯಾಡುವ ಕತ್ತಲೆ ಕೋಣೆಯಲ್ಲಿ ತಲೆಕೆಳಗಾಗಿ ನೇತುಹಾಕಿ. ಎರಡು ಮೂರು ವಾರಕ್ಕೆ ಒಣಗುತ್ತವೆ, ಹೂವಿಲ್ಲದ ತಿಂಗಳುಗಳಿಗಾಗುತ್ತವೆ.

ಬುಡ ಒಡೆಯುವುದು

ಮೂರು ನಾಲ್ಕು ವರ್ಷ ಕಳೆದ ಮೇಲೆ ಶಾಸ್ತಾ, ಯಾರೋ, ಆಸ್ಟರ್, ಫ್ಲಾಕ್ಸ್‌ಗಳ ಬುಡ ಬಳೆಯ ಹಾಗಾಗುತ್ತದೆ. ಸುತ್ತ ಹಸಿರು, ನಡುವೆ ಬೋಳು. ಹೂ ಸಣ್ಣದಾಗುತ್ತವೆ, ದಂಟು ಗಿಡ್ಡವಾಗುತ್ತದೆ. ಆಗ ಒಡೆಯಲೇಬೇಕು. ಸೇವಂತಿಗೆ ಇಷ್ಟು ಕಾಯುವುದೂ ಇಲ್ಲ. ಹೂ ಮುಗಿದ ಮೇಲೆ ದಂಟನ್ನು ಒಂದು ಗೇಣಿಗೆ ಕತ್ತರಿಸಿದರೆ ಬುಡದಿಂದ ಮರಿಗಳು ಏಳುತ್ತವೆ, ಪ್ರತಿವರ್ಷ ಅವನ್ನೇ ಬೇರು ಸಮೇತ ಬಿಡಿಸಿ ನೆಡುವುದು ಒಳ್ಳೆಯದು. ಪಿಯೋನಿ, ಜಿಪ್ಸೋಫಿಲಾಗಳ ತಂಟೆಗೆ ಮಾತ್ರ ಹೋಗಬೇಡಿ. ಅವಕ್ಕೆ ಜಾಗ ಕದಲಿಸಿದರೆ ಆಗುವುದಿಲ್ಲ.

ಹೂ ಮುಗಿದು, ಹವೆ ತಂಪಾಗಿ, ಮಣ್ಣು ಹಸಿಯಿರುವ ದಿನ ನೋಡಿ. ಹಿಂದಿನ ಸಂಜೆ ಚೆನ್ನಾಗಿ ನೀರು ಬಿಡಿ. ಗಿಡವನ್ನು ಒಂದು ಗೇಣು ಉಳಿಸಿ ಕತ್ತರಿಸಿ, ಸುತ್ತಲೂ ಹಾರೆ ಇಳಿಸಿ ಇಡೀ ಬುಡವನ್ನು ಮೀಟಿ ಎತ್ತಿ. ಕೈಯಿಂದ ಬಿಡಿಸಲು ಬಂದರೆ ಕೈಯಿಂದಲೇ, ಇಲ್ಲದಿದ್ದರೆ ಹಳೆ ಗರಗಸದಿಂದ ಸೀಳಿ. ನಾಲ್ಕೈದು ಮೊಳಕೆ ಮತ್ತು ಒಂದು ಹಿಡಿ ಬೇರಿರುವ ಹೊರಗಿನ ತುಂಡುಗಳನ್ನು ಇಟ್ಟುಕೊಳ್ಳಿ, ನಡುವಿನ ಕಟ್ಟಿಗೆಯಂಥ ಭಾಗ ಎಸೆಯಿರಿ. ಗುಂಡಿಗೆ ಹೊಸ ಕಾಂಪೋಸ್ಟ್ ಹಾಕಿ ಅದೇ ಆಳಕ್ಕೆ ನೆಟ್ಟು, ಎರಡು ವಾರ ಮಣ್ಣು ಒಣಗಲು ಬಿಡಬೇಡಿ. ಒಂದು ಬುಡಕ್ಕೆ ಐದಾರು ತುಂಡಾದರೂ ಆಗುತ್ತವೆ, ನಿಮಗೆ ಬೇಕಿರುವುದು ಎರಡು. ಮಿಕ್ಕಿದ್ದನ್ನು ಒದ್ದೆ ಕಾಗದದಲ್ಲಿ ಸುತ್ತಿ, ಗಿಡ ಕೇಳಿದವರಿಗೆ ಆ ದಿನವೇ ಮುಟ್ಟಿಸಿ. ಕೊಡುವಾಗ ದಂಟು ಎಷ್ಟುದ್ದ ಬರುತ್ತದೆ ಎಂದೂ ಹೇಳಿಬಿಡಿ, ಬಲೆ ಕಟ್ಟಲು ಅವರಿಗೆ ಬೇಕಾಗುತ್ತದೆ.